ಮೂಗಿ ಎಂದು ಕರೆದ ಬೆಕ್ಕು

ಬುಟ್ಟಿ ಮತ್ತೆ ನಡುಗಿತು, ತೊಡೆಯ ಮೇಲೆ, ನಡುಕ ಬೆತ್ತದ ಹೆಣಿಗೆಯಿಂದ ಅಂಗೈಗೆ ಬಂದು ನಿಂತಿತು, ಇದು ಬಸ್ಸಿನ ನಡುಕವಲ್ಲ, ಬಸ್ಸಿನದು ಕೆಳಗಿನಿಂದ ಬರುತ್ತದೆ, ದಪ್ಪಗೆ, ಸೊಂಟಕ್ಕೆ ತಾಕುತ್ತದೆ, ಇದು ಸಣ್ಣದು, ಬೆರಳ ತುದಿಗೆ ಮಾತ್ರ ಸಿಗುವಂಥದು, ಬಂತು, ನಿಂತಿತು, ಮತ್ತೆ ಬಂತು, ಎದುರು ಸೀಟಿನ ಹೆಂಗಸು ಮೂರನೆಯ ಸಲ ತಿರುಗಿ ನೋಡುತ್ತಿದ್ದಾಳೆ, ಅವಳ ಪಕ್ಕದ ಹಿರಿಯರು ಒಂದು ಕಿವಿಗೆ ಬೆರಳಿಟ್ಟುಕೊಂಡಿದ್ದಾರೆ, ಅಂದರೆ ಕೂಗುತ್ತಿದೆ, ಇನ್ನೂ ಕೂಗುತ್ತಲೇ ಇದೆ, ಇಡೀ ಬಸ್ಸಿಗೆ ಕೇಳಿಸುತ್ತಿದೆ, ಬುಟ್ಟಿ ಹಿಡಿದು ಕೂತ ನನ್ನೊಬ್ಬನನ್ನು ಬಿಟ್ಟು — ಏನಾದರೂ ಹೇಳಬೇಕು ಇವರಿಗೆ, ತಪ್ಪು ತಿಳೀಬೇಡಿ, ಇದು ಬಾಣಂತಿ ಬೆಕ್ಕು, ಇದರ ಮರಿಗಳು ಒಳಗಿರುವಾಗಲೇ ನಾನು ಸೋಫಾದ ತಳಕ್ಕೆ ಅಡಿಬಟ್ಟೆ ಹೊಡೆದು ಮುಚ್ಚಿಬಿಟ್ಟೆ, ನಿನ್ನೆ, ಅದನ್ನ ಬಿಚ್ಚೋದಕ್ಕೇ ಹೋಗ್ತಿದ್ದೀನಿ, ಇನ್ನು ಏಳು ಸ್ಟಾಪು ಸಹಿಸಿಕೊಳ್ಳಿ, ಹಾಗಂತ ಹೇಳುವುದೇ, ಯಾವ ಬಾಯಲ್ಲಿ, ಹೇಳಿದರೆ ಅವರು ಏನಾದರೂ ಕೇಳುತ್ತಾರೆ, ಕೇಳಿದ್ದು ನನಗೆ ತಿಳಿಯುವುದಿಲ್ಲ, ಆಗ ನಾನು ತಲೆಯಾಡಿಸುತ್ತೇನೆ, ಬೇಡ, ತಲೆಯಾಡಿಸಿದ್ದು ಸಾಕು, ಬಾಯಿ ಮುಚ್ಚಿಕೊಂಡು ಕೂತಿರುವುದೇ ವಾಸಿ. ಮೂವತ್ತೊಂದು ವರ್ಷ ಸೋಫಾ ಕಟ್ಟಿದ ಕೈ ಇದು, ಒಬ್ಬ ಗಿರಾಕಿಯೂ ಬೆರಳು ತೋರಿಸಿದ್ದಿಲ್ಲ, ಈಗ ಬೆವರುತ್ತಿದೆ, ಬೆತ್ತ ಜಾರುತ್ತಿದೆ, ಚೀಲದಲ್ಲಿ ಪಿನ್ನು ಕೀಳುವ ಉಳಿ ಇದೆ, ಇಕ್ಕಳ, ಕತ್ತರಿ, ಒಂದು ಟವೆಲ್ಲು, ಬಿಸಿನೀರು ತುಂಬಿದ ಬಾಟಲಿ, ಮರಿ ತಣ್ಣಗಿದ್ರೆ ಮೊದಲು ಬೆಚ್ಚಗೆ ಮಾಡ್ಬೇಕಂತೆ, ಆಮೇಲೆ ಹಾಲು, ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಹೆಂಡತಿ ನನ್ನ ಮುಖದ ಹತ್ತಿರ ಬಂದು ಒಂದೊಂದೇ ಮಾತಾಗಿ ಹೇಳಿದಳು, ಮಗುವಿಗೆ ಹೇಳುವ ಹಾಗೆ. ನೀವು ಮುಚ್ಚಿದ್ದು, ನೀವೇ ತೆಗೀರಿ, ನಾನು ಬರಲ್ಲ, ನನ್ನ ಕೈಲಿ ಅದನ್ನ ನೋಡೋಕಾಗಲ್ಲ. ಬಾಡಿಗೆ ಗಾಡಿಗೆ ಕಾದು ಸಾಕಾಗಿ ಬಂದ ಬಸ್ಸನ್ನೇ ಹತ್ತಿದೆ.

ಬೆಳಿಗ್ಗೆ ಬಂದಳು ಅವಳು, ತಂಗಿಯ ಕಾಲು ಮುರಿದಿತ್ತೆಂದು ಹೋಗಿ ನಾಲ್ಕು ದಿನವಾಗಿತ್ತು, ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಏನ್ರೀ ಇದು, ಬೆಕ್ಕಿಗೆ ಏನು ಮಾಡಿದ್ರಿ, ಬೀದಿ ತುದಿವರೆಗೂ ಕೇಳಿಸ್ತಿದೆ. ಯಾವ ಬೆಕ್ಕು ಅಂದೆ. ಯಾವ ಬೆಕ್ಕು ಅಂದ್ರೆ, ನಿಮ್ಮ ಮೂಗಿ. ಮೂಗಿ ಕೂಗೋದಾ ಅಂದು ನಕ್ಕೆ, ಚೆನ್ನಾಗಿ ನಕ್ಕೆ, ಬಂದ ತಕ್ಷಣ ತಮಾಷೆ ಶುರು ಮಾಡಿದಳಲ್ಲ ಎಂದು ಖುಷಿಯೂ ಆಯಿತು, ಅವಳು ನಗಲಿಲ್ಲ, ಚೀಲ ಕೆಳಗಿಟ್ಟಳು, ನನ್ನ ಮುಖ ನೋಡಿದಳು, ಬೆಕ್ಕಿನ ಕಡೆ ನೋಡಿದಳು, ಮತ್ತೆ ನನ್ನ ಮುಖ. ರೀ, ಅದು ನೀವು ತಮಾಷೆಗೆ ಇಟ್ಟ ಹೆಸರಲ್ವಾ, ಬಾಯಿಬಡುಕಿಯನ್ನ ಮೂಗಿ ಅಂತ ಕರೆಯೋದು, ಪಕ್ಕದ ಮನೆಯವರಿಗೆಲ್ಲ ಹೇಳಿ ನಗಿಸಿದ್ದೀನಿ ನಾನು. ಹೌದೌದು, ತಮಾಷೆಗೇ ಅಂದೆ, ಎಷ್ಟು ಬೇಗ ಬಂತು ಆ ಸುಳ್ಳು, ಗನ್ನಿನಿಂದ ಬರುವ ಪಿನ್ನಿನ ಹಾಗೆ, ಒತ್ತಿದರೆ ಬರುತ್ತದೆ. ಬೆಕ್ಕು ಕೆಲಸದ ಕೋಣೆಯಲ್ಲಿ ನೆಲ ಕೆರೆಯುತ್ತಿತ್ತು, ನಿನ್ನೆಯಿಂದ ಕೆರೆಯುತ್ತಲೇ ಇತ್ತು, ಹಾಲು ಇಟ್ಟರೆ ಮೂಸಲಿಲ್ಲ, ಮೀನಿನ ತಲೆ ಇಟ್ಟರೆ ದಾಟಿಕೊಂಡು ಹೋಯಿತು, ಸೋಫಾ ಇದ್ದ ಜಾಗದಲ್ಲಿ ಒಂದು ಸುತ್ತು ಹಾಕುವುದು, ಕೆರೆಯುವುದು, ನನ್ನ ಕಾಲಿಗೆ ಬಂದು ತಲೆ ತಿಕ್ಕುವುದು, ಬಾಯಿ ತೆರೆಯುವುದು, ಸೋಫಾ ಹೋಯಿತೆಂದು ಬೇಜಾರೇನೋ, ಅದರಡಿ ಮಲಗುವ ಅಭ್ಯಾಸವಾಗಿತ್ತಲ್ಲ ಎಂದು ನಾನೂ ಅದರ ಬೆನ್ನು ಸವರಿದ್ದೇ ಸವರಿದ್ದು. ಆ ಸೋಫಾ ಎಲ್ಲಿ ಅಂದಳು. ನಿನ್ನೆ ಮಧ್ಯಾಹ್ನ ಕಳಿಸಿದೆ, ಲೈಬ್ರರಿ ಮೇಡಂ ಮನೆಗೆ. ಅಡಿಬಟ್ಟೆ ಹೊಡೆದಿರಾ. ಹೊಡೀದೆ ಯಾರಾದ್ರೂ ಕಳಿಸ್ತಾರಾ. ಅವಳು ಕೂತುಬಿಟ್ಟಳು, ಅಲ್ಲೇ, ಹೊಸ್ತಿಲಿನ ಮೇಲೆ. ನಾನು ಹೇಳಿ ಹೋಗಿದ್ನಲ್ರೀ, ಇದೇ ಬಾಗಿಲಲ್ಲಿ ನಿಂತು, ಆ ಸೋಫಾದ ಕೈಯೊಳಗೆ ಮರಿಗಳ ಸದ್ದು ಬರ್ತಿದೆ, ಇದು ಅಲ್ಲೇ ಹಾಕಿದೆ, ಕಣ್ಣು ಬಿಡೋವರೆಗೂ ಮುಟ್ಟಬೇಡಿ, ನಾನು ಬಂದ ಮೇಲೆ ಮೆತ್ತಗೆ ತೆಗೆಯೋಣ ಅಂತ, ನೀವು ತಲೆ ಆಡಿಸಿದ್ರಿ. ಆಡಿಸಿದ್ದೆ, ನೆನಪಿದೆ, ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಓಡುತ್ತಿತ್ತು, ಅವಳ ಕೈಯಲ್ಲಿ ಚೀಲ, ತುಟಿ ಆಡುತ್ತಿತ್ತು, ಊಟ ಸರಿಯಾಗಿ ಮಾಡಿ, ಬಾಗಿಲು ಹಾಕಿಕೊಳ್ಳಿ ಅನ್ನುತ್ತಿದ್ದಾಳೆ ಎಂದುಕೊಂಡು ಕೋಲೆ ಬಸವನ ಹಾಗೆ ತಲೆಯಾಡಿಸಿದ್ದೆ. ಮರೆತುಬಿಟ್ಟೆ ಅಂದೆ. ಮರೆಯೋ ವಿಷಯಾನೇನ್ರೀ ಅದು.

ಮರೆಗುಳಿ ಅನ್ನಿಸಿಕೊಂಡರೂ ಪರವಾಗಿಲ್ಲ, ಕಲ್ಲುಮನಸ್ಸಿನವನು ಅನ್ನಿಸಿಕೊಂಡರೂ ಪರವಾಗಿಲ್ಲ, ಕಿವುಡ ಅನ್ನಿಸಿಕೊಳ್ಳುವುದು ಮಾತ್ರ ಬೇಡ, ಹಾಗೆಂದು ನಿರ್ಧಾರವೇನೂ ಮಾಡಿದ್ದಲ್ಲ, ಬಾಯಿ ತಾನಾಗಿ ಆರಿಸಿಕೊಂಡಿತು, ಎರಡು ವರ್ಷದಿಂದ ಆರಿಸಿಕೊಳ್ಳುತ್ತಲೇ ಇದೆ. ಮೊದಲು ಹೋಗಿದ್ದು ಕುಕ್ಕರಿನ ಸೀಟಿ, ಸೀಟಿ ಹಾಳಾಗಿದೆ ಕಣೇ, ಹೊಸದು ತರುತ್ತೇನೆ ಅಂದೆ, ತಂದೂ ಬಿಟ್ಟೆ, ಹೊಸದೂ ಕೂಗಲಿಲ್ಲ, ಆಗ ಸುಮ್ಮನಾದೆ, ಆಮೇಲೆ ಕಿಟಕಿ ಹತ್ತಿರದ ಹಕ್ಕಿಗಳು, ಆಮೇಲೆ ಬಾಗಿಲ ಗಂಟೆ, ಆಮೇಲೆ ಸಣ್ಣ ದನಿಯ ಹೆಂಗಸರು, ಲಾರಿ ಕೇಳುತ್ತದೆ, ಸುತ್ತಿಗೆ ಕೇಳುತ್ತದೆ, ಗಂಡಸರು ಜಗಳವಾಡಿದರೆ ಪದ ಪದ ಕೇಳುತ್ತದೆ, ಹೆಂಡತಿಯದು ಒರಟು ದನಿ, ದೇವರು ದೊಡ್ಡವನು, ಎದುರು ನಿಂತು ಮಾತಾಡಿದರೆ ಮುಕ್ಕಾಲು ಪಾಲು ಸಿಗುತ್ತದೆ, ತೆಳ್ಳಗಿನದೆಲ್ಲ ಮಾತ್ರ ಒಂದೊಂದಾಗಿ ಎದ್ದು ಹೋಯಿತು, ಹೇಳದೆ ಕೇಳದೆ. ಎಲ್ಲ ಆ ಪಿನ್ನು ಹೊಡೆಯುವ ಗನ್ನಿನ ಕೆಲಸ, ಕಿವಿಯಿಂದ ಒಂದು ಮೊಳ ದೂರದಲ್ಲಿ ಮೂವತ್ತೊಂದು ವರ್ಷ ಟಪ್ ಟಪ್ ಎಂದದ್ದು, ಹತ್ತಿ ಇಟ್ಕೊಳ್ಳೋ ಅಂದಿದ್ದರು ಸೋದರಮಾವ, ಕೆಲಸ ಕಲಿಸಿದವರು, ಹತ್ತಿ ಇಟ್ಟುಕೊಂಡರೆ ಹೆಂಗಸರ ಹಾಗೆ ಕಾಣುತ್ತೇನೆ ಎಂದು ಇಟ್ಟುಕೊಳ್ಳಲಿಲ್ಲ, ಇಪ್ಪತ್ತು ವರ್ಷದ ಹುಡುಗನ ಜಂಬ. ಆ ಮಾವನೇ ಇನ್ನೊಂದು ಕಲಿಸಿದ್ದರು, ಅಡಿಬಟ್ಟೆ ಮುಚ್ಚುವ ಮುಂಚೆ ಸೋಫಾವನ್ನು ಮೂರು ಕಡೆ ತಟ್ಟಿ ಕಿವಿ ಕೊಡಬೇಕು, ಒಳಗೆ ಸೂಜಿ ಬಿದ್ದಿದ್ದರೆ ಜಿಣಕ್ ಅನ್ನುತ್ತದೆ, ಸ್ಪ್ರಿಂಗು ಸಡಿಲವಿದ್ದರೆ ಅಳುತ್ತದೆ, ಕಣ್ಣಿಗೆ ಮೋಸ ಮಾಡಬಹುದು ಕಣೋ, ಕಿವಿಗೆ ಆಗಲ್ಲ, ಮುಚ್ಚಿದ ಮೇಲೆ ಅದು ನಿನ್ನದಲ್ಲ, ಗಿರಾಕಿದು, ಆದ್ದರಿಂದ ಮುಚ್ಚೋ ಮುಂಚೆ ಕೇಳು. ಅವರು ಕೇಳುವಾಗ ಅಂಗಡಿಯಲ್ಲಿ ಯಾರೂ ಉಸಿರೆತ್ತುವ ಹಾಗಿರಲಿಲ್ಲ. ನಾನು ಈಗಲೂ ತಟ್ಟುತ್ತೇನೆ, ಒಂದೂ ಬಿಟ್ಟಿಲ್ಲ, ತಟ್ಟಿ ತಲೆ ಓರೆ ಮಾಡುತ್ತೇನೆ, ಹುಬ್ಬು ಗಂಟಿಕ್ಕುತ್ತೇನೆ, ಹೂಂ ಅನ್ನುತ್ತೇನೆ. ಎರಡು ವರ್ಷದಿಂದ ಏನೂ ಕೇಳಿಸಿಲ್ಲ.

ಬುಟ್ಟಿಯೊಳಗೆ ಈಗ ಸುಮ್ಮನಾಗಿದೆ, ದಣಿದಿರಬೇಕು, ಮುಚ್ಚಿದ ಬಟ್ಟೆಯ ಅಂಚಿನಿಂದ ಒಂದು ಬೆರಳು ತೂರಿಸಿದೆ, ಮೂಗು ತಾಕಿತು, ಒದ್ದೆ, ಕಚ್ಚಬಾರದೇ, ಕಚ್ಚಲಿಲ್ಲ, ನೆಕ್ಕಿತು, ಕಚ್ಚಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಎಂಟು ತಿಂಗಳ ಹಿಂದೆ ಹಿಂಬಾಗಿಲಿಂದ ಬಂದದ್ದು, ಗೋಂದಿನ ವಾಸನೆಗೆ ಮನುಷ್ಯರೇ ಮೂಗು ಮುಚ್ಚಿಕೊಳ್ಳುವ ಕೋಣೆಗೆ, ಫೋಮಿನ ಚೂರುಗಳ ರಾಶಿಯ ಮೇಲೆ ಹೋಗಿ ತನ್ನದೇ ಮನೆ ಎಂಬಂತೆ ಕೂತಿತು, ಬೂದಿ ಬಣ್ಣ, ಕತ್ತಿನಲ್ಲಿ ಗಾಯ, ಕೀವು, ನನ್ನನ್ನು ನೋಡಿ ಬಾಯಿ ತೆರೆಯಿತು, ಸದ್ದಿಲ್ಲ, ಮತ್ತೆ ತೆರೆಯಿತು, ಸದ್ದಿಲ್ಲ, ಅಯ್ಯೋ ಪಾಪ, ಹುಟ್ಟಾ ದನಿಯಿಲ್ಲ ಇದಕ್ಕೆ ಅಂದುಕೊಂಡೆ, ಈ ಬೆಕ್ಕು ಮೂಗಿ ಕಣೇ ಅಂದೆ, ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಕೈ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನನಗೆ ಸಿಟ್ಟು ಬಂತು, ಮೂಕ ಪ್ರಾಣಿಯನ್ನು ಕಂಡು ನಗುತ್ತಾಳಲ್ಲ ಎಂದು, ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅದೇ ಬುಟ್ಟಿಯಲ್ಲಿ, ಇದೇ ಬುಟ್ಟಿ, ಪ್ರಾಣಿಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಔಷಧಿ ಹಚ್ಚಿದರು, ಯಾರದಾದರೂ ಇರಬಹುದು, ವಿಚಾರಿಸಿ ಅಂದರು, ಬೀದಿಯ ಎರಡೂ ಕಡೆ ಬಾಗಿಲು ಬಡಿದೆ, ಕಂಬಕ್ಕೆ ಚೀಟಿ ಅಂಟಿಸಿದೆ, ಬೂದು ಬೆಕ್ಕು, ಹೆಣ್ಣು, ಮೂಕಿ, ನಿಮ್ಮದಾದರೆ ಬಂದು ಕರೆದುಕೊಂಡು ಹೋಗಿ, ಯಾರೂ ಬರಲಿಲ್ಲ, ಮೂಕಿ ಎಂದು ಬರೆದರೆ ಹೇಗೆ ಬರುತ್ತಾರೆ, ಅದರ ಯಜಮಾನರು ಆ ಚೀಟಿ ಓದಿಯೇ, ನಮ್ಮದಲ್ಲ, ನಮ್ಮದು ಬಾಯಿಬಡುಕಿ ಎಂದು ಮುಂದೆ ಹೋದರೋ ಏನೋ, ಈಗ ಹೊಳೆಯುತ್ತಿದೆ ನೋಡು. ಮೀನಿನ ಅಂಗಡಿಯವನು, ಅದು ಯಾರ ಮನೇದೂ ಅಲ್ಲ, ನೀವು ಹಾಕ್ತೀರಿ, ಬರುತ್ತೆ ಅಷ್ಟೆ ಅಂದ. ಹಾಗೇ ಬರುತ್ತಿತ್ತು, ಬೆಳಿಗ್ಗೆ ಬಂದು ಸಂಜೆ ಹೋಗುವುದು, ನನ್ನ ಜೊತೆಗೇ ಕೆಲಸ ಶುರು ಮಾಡಿ ನನ್ನ ಜೊತೆಗೇ ಮುಗಿಸುವುದು, ನಿಮ್ಮ ಪಾರ್ಟ್ನರ್ ಬಂದ್ರು ಎಂದು ಹೆಂಡತಿ ಕೀಟಲೆ ಮಾಡುವಳು, ಮಧ್ಯಾಹ್ನ ಕಂಪ್ರೆಸರ್ ನಿಲ್ಲಿಸಿ ಗೋಡೆಗೊರಗಿದರೆ ಎದೆಯ ಮೇಲೆ ಬಂದು ಮಲಗುವುದು, ಗುರುಗುರು ಎನ್ನುವುದು ಕಿವಿಗೆ ಬಾರದಿದ್ದರೂ ಪಕ್ಕೆಲುಬಿಗೆ ಬರುತ್ತಿತ್ತು. ಜಗತ್ತಿನಲ್ಲಿ ಒಂದೇ ಒಂದು ಜೀವದ ಮುಂದೆ ನಾನು ತುಟಿ ನೋಡಿ ಊಹಿಸಬೇಕಾಗಿರಲಿಲ್ಲ, ತಲೆಯಾಡಿಸಬೇಕಾಗಿರಲಿಲ್ಲ, ಅದಕ್ಕೆ ದನಿಯಿಲ್ಲ, ನನಗೆ ಕಿವಿಯಿಲ್ಲ, ಲೆಕ್ಕ ಸರಿಹೋಯಿತು ಎಂದುಕೊಂಡಿದ್ದೆ, ಒಂದು ದಿನ ಅದಕ್ಕೆ ಹೇಳಿಯೂ ಬಿಟ್ಟಿದ್ದೆ, ನಂಗೆ ಕಿವಿ ಕೇಳಲ್ಲ ಕಣೇ ಮೂಗಿ, ಯಾರಿಗೂ ಹೇಳ್ಬೇಡ. ಅದು ಬಾಯಿ ತೆರೆದು ಏನೋ ಅಂದಿತ್ತು. ಎಂಟು ತಿಂಗಳು ಅದು ನನ್ನ ಜೊತೆ ಮಾತಾಡುತ್ತಲೇ ಇತ್ತು.

ಕಂಡಕ್ಟರು ಬಗ್ಗಿ ಏನೋ ಕೇಳುತ್ತಿದ್ದಾನೆ, ಬುಟ್ಟಿಗೆ ಬೇರೆ ಟಿಕೆಟ್ಟು ಅನ್ನುತ್ತಿರಬೇಕು, ಕೈ ತೋರಿಸುತ್ತಿದ್ದಾನೆ, ಮುಂದೆ, ಎಡಕ್ಕೆ, ಕುತ್ತಿಗೆ ಆಡಿಬಿಟ್ಟಿತು, ನಾನು ಆಡಿಸಲಿಲ್ಲ, ಅದೇ ಆಡಿತು, ಅವನು ಹೋದ, ಏನು ಕೇಳಿದನೋ, ಹೋಗಲಿ. ಬೆಕ್ಕಿನ ಹೊಟ್ಟೆ ದೊಡ್ಡದಾದಾಗ ಮತ್ತೆ ಡಾಕ್ಟರಲ್ಲಿಗೆ ಹೋಗಿದ್ದೆವು, ಇಬ್ಬರೂ, ಮೂರೋ ನಾಲ್ಕೋ ಇವೆ, ಹಾಲು ಬಿಟ್ಟ ಮೇಲೆ ಕರ್ಕೊಂಡು ಬನ್ನಿ, ಆಪರೇಷನ್ ಮಾಡೋಣ, ಇಲ್ದಿದ್ರೆ ವರ್ಷಕ್ಕೆರಡು ಸಲ ನಿಮಗೇ ಬಾಣಂತನ ಅಂದು ನಕ್ಕರು, ಒಂದು ಪೆಟ್ಟಿಗೆ ಮಾಡಿದೆ ಅದಕ್ಕೆ, ನನ್ನ ಕೈಯಾರೆ, ಒಳಗೆ ಒಳ್ಳೆಯ ಫೋಮು, ಮೇಲೆ ಮಖಮಲ್ಲು, ಗಿರಾಕಿಗೂ ಅಷ್ಟು ಚೆನ್ನಾಗಿ ಹಾಕಿಕೊಟ್ಟಿರಲಿಲ್ಲ, ಅದು ಮೂಸಿ ನೋಡಿ ಹೊರಟುಹೋಯಿತು, ಲೈಬ್ರರಿ ಮೇಡಮ್ಮನ ಹಳೆಯ ಸೋಫಾದ ಅಡಿ ಸೇರಿಕೊಂಡಿತು, ಬಟ್ಟೆ ಸಿಗದೆ ಮೂರು ವಾರ ಹಾಗೇ ನಿಂತಿದ್ದ ಸೋಫಾ, ಅಡಿ ತೆರೆದದ್ದು, ಕೈಯ ಒಳಗೆ ಟೊಳ್ಳು, ಕತ್ತಲೆ, ಹಳೆಯ ಹತ್ತಿ, ಬೆಕ್ಕಿಗೆ ಇನ್ನೇನು ಬೇಕು. ಹೆಂಡತಿ ಹೋದ ಮೇಲೆ ಅದರ ಹೊಟ್ಟೆ ಇಳಿದದ್ದು ನೋಡಿದೆ, ಎಲ್ಲಿ ಹಾಕಿದ್ಯೇ ಎಂದು ಕೇಳಿದೆ, ಅಟ್ಟದ ಮೇಲೆ ನೋಡಿದೆ, ಹಿತ್ತಲಲ್ಲಿ ನೋಡಿದೆ, ಪಕ್ಕದವರ ಸೌದೆ ರಾಶಿ ಸರಿಸಿ ಬೈಸಿಕೊಂಡೆ, ನಾನು ಕೂತು ಕೆಲಸ ಮಾಡುವ ಜಾಗದಿಂದ ಎರಡು ಮಾರು ದೂರದಲ್ಲಿ ಮೂರು ಮರಿ ಹಾಲಿಗೆ ಕೂಗುತ್ತಿದ್ದವು. ಹೆಂಡತಿಗೆ ಕೇಳಿಸಿತ್ತು, ಊರಿಗೇ ಕೇಳಿಸಿತ್ತೇನೋ, ಅಡುಗೆಮನೆಯಲ್ಲಿದ್ದೂ ಅವಳಿಗೆ ಕೇಳಿಸಿತ್ತು.

ನಿನ್ನೆ. ಬೇಡ, ನಿನ್ನೆಯದು ಬೇಡ, ಕಿಟಕಿಯಾಚೆ ನೋಡು, ಬಟ್ಟೆ ಅಂಗಡಿ, ಬೀಗದ ಅಂಗಡಿ, ಗೋಡೆಗೆ ಬಣ್ಣ ಹೊಡೆಯುವವನು ಏಣಿಯ ಮೇಲೆ ನಿಂತು ಚಹಾ ಕುಡಿಯುತ್ತಿದ್ದಾನೆ — ನಿನ್ನೆ ಬೆಳಿಗ್ಗೆ ಬೇಗ ಶುರು ಮಾಡಿದೆ, ಅವಳು ಬರುವುದರೊಳಗೆ ಕಳಿಸಿಬಿಡೋಣ, ಭೇಷ್ ಅನ್ನಲಿ ಎಂದು, ಸೋಫಾವನ್ನು ತಲೆಕೆಳಗು ಮಾಡಿ ಇಟ್ಟೆ, ಒಳಗೆ ಕೈಯಾಡಿಸಿದೆ, ಸೀಟಿನಡಿ ಪೂರ್ತಿ, ಸೋಫಾದ ಬಲಗೈಯ ಟೊಳ್ಳಿನಲ್ಲಿ, ಎಡಗೈಯ ಟೊಳ್ಳಿನ ಬಾಯಿಗೂ ಬೆರಳು ಹಾಕಿದೆ, ಮೆತ್ತಗೆ ಸಿಕ್ಕಿತು, ಬೆಚ್ಚಗೂ ಇತ್ತೇ, ಇತ್ತು ಅನ್ನಿಸುತ್ತದೆ ಈಗ, ಆಗ ಹತ್ತಿ ಅಂದುಕೊಂಡೆ, ಹಳೆಯ ಹತ್ತಿ ಇನ್ನೂ ಚೆನ್ನಾಗಿದೆ, ಇರಲಿ ಅಂದುಕೊಂಡೆ, ಎದ್ದು ನಿಂತೆ, ಮೂರು ಕಡೆ ತಟ್ಟಿದೆ, ಮಾವನ ಹಾಗೆ ತಲೆ ಓರೆ ಮಾಡಿದೆ, ಯಾರೂ ಇಲ್ಲದ ಕೋಣೆಯಲ್ಲಿ, ಯಾರಿಗೆ ತೋರಿಸುವುದಕ್ಕೆ, ಹೂಂ ಅಂದೆ. ಕಪ್ಪು ಅಡಿಬಟ್ಟೆ ಹರಡಿದೆ, ಗನ್ನು ಎತ್ತಿಕೊಂಡೆ. ಬೆಕ್ಕು ಎಲ್ಲಿಂದಲೋ ಓಡಿ ಬಂತು, ಬಟ್ಟೆಯ ಮೇಲೇ ಹತ್ತಿ ಕೂತಿತು, ಎತ್ತಿ ಕೆಳಗಿಟ್ಟೆ, ಮತ್ತೆ ಹತ್ತಿತು, ಮತ್ತೆ ಇಟ್ಟೆ, ಇವತ್ತು ಆಟ ಜಾಸ್ತಿಯಾಯ್ತು ಕಣೇ ನಿಂದು, ಒಂದು ಕಡೆ ಮುಗಿಯಿತು, ಎರಡು ಕಡೆ ಮುಗಿಯಿತು, ಮೂರು ಕಡೆ ಮುಗಿಯಿತು, ಅದು ಎದುರಿಗೆ ಬಂದು ಕೂತಿತು, ನನ್ನ ಮುಖಕ್ಕೆ ಮುಖ ಕೊಟ್ಟು — ಸಾಕು, ಮುಂದೆ ಬೇಡ.

ಬಸ್ಸು ತಿರುಗಿತಲ್ಲ, ಎಡಕ್ಕೆ ಯಾಕೆ ತಿರುಗಿತು, ನೇರ ಹೋಗಬೇಕಿತ್ತು, ಸೇತುವೆ ದಾಟಿ ಎರಡನೇ ಸ್ಟಾಪು, ಎದ್ದೆ, ನಿಲ್ಸಿ, ನಿಲ್ಸಿ, ಎಲ್ಲರೂ ತಿರುಗಿದರು, ಕಂಡಕ್ಟರು ಹತ್ತಿರ ಬಂದು ದನಿಯೇರಿಸಿದ, ದಪ್ಪ ದನಿ, ಎಲ್ಲ ಕೇಳಿಸಿತು, ಆಗ್ಲೇ ಕೇಳಿದ್ನಲ್ಲ ಸಾರ್, ಮುಂದೆ ರಸ್ತೆ ಅಗೆದಿದ್ದಾರೆ, ಬಸ್ಸು ಸುತ್ತು ಹಾಕ್ಕೊಂಡು ಹೋಗುತ್ತೆ, ಸೇತುವೆ ಕಡೆಯೋರು ಇಲ್ಲೇ ಇಳೀಬೇಕು, ಗೊತ್ತು ತಾನೇ ಅಂತ, ನೀವು ಹೂಂ ಅಂತ ತಲೆ ಆಡಿಸಿ ಹಾಗೇ ಕೂತ್ರಿ. ಇಳಿದೆ, ಎಷ್ಟು ದೂರ ಬಂದೆವೋ, ಹಿಂದಕ್ಕೆ ನಡೆ, ಓಡು, ಈ ವಯಸ್ಸಿನಲ್ಲಿ ಓಡಿದರೆ ಜನ ನೋಡುತ್ತಾರೆ, ನೋಡಲಿ, ಬುಟ್ಟಿ ಎದೆಗೆ ಒತ್ತಿಕೊಂಡಿದ್ದೇನೆ, ಒಳಗೆ ಮತ್ತೆ ಶುರುವಾಗಿದೆ, ಎದೆಗೇ ಬರುತ್ತಿದೆ ಈಗ, ಸಣ್ಣ ನಡುಕ, ಬಂತು, ನಿಂತಿತು, ಗೊತ್ತಾಯಿತು ಕಣೇ, ಓಡ್ತಿದ್ದೀನಿ, ಓಡ್ತಾ ಇದ್ದೀನಿ, ಕಾಲಿಗೆ ಅಗೆದ ಮಣ್ಣು, ಚಪ್ಪಲಿಯ ಬಾರು ಕಿತ್ತಿತು, ಅಲ್ಲೇ ಬಿಟ್ಟೆ. ಹೆಂಡತಿ ಫೋನು ಮಾಡಿದಾಗ ಮೇಡಂ ಹೇಳಿದ್ದರಂತೆ, ನಿನ್ನೆ ಸಂಜೆಯೆಲ್ಲ ಕೀಚು ಕೀಚು ಅಂತಿತ್ತು, ಹೊಸ ಸ್ಪ್ರಿಂಗು ಒಗ್ಗಿಕೊಳ್ಳೋವರೆಗೂ ಹಾಗೇನೋ ಅಂದ್ಕೊಂಡೆ, ನಿಮ್ಮ ಯಜಮಾನ್ರಿಗೆ ಹೇಳೋಣ ಅಂತಿದ್ದೆ, ಆದ್ರೆ ಬೆಳಿಗ್ಗೆಯಿಂದ ಸದ್ದಿಲ್ಲ. ಬೆಳಿಗ್ಗೆಯಿಂದ ಸದ್ದಿಲ್ಲವಂತೆ ರೀ ಎಂದು ಹೆಂಡತಿ ಫೋನಿಟ್ಟು ನನ್ನನ್ನು ನೋಡಿದ್ದು, ಅದನ್ನು ಮಾತ್ರ ಅವಳು ಮುಖದ ಹತ್ತಿರ ಬಂದು ಹೇಳಲಿಲ್ಲ, ದೂರದಿಂದಲೇ ಹೇಳಿದಳು, ಆದರೂ ತಿಳಿಯಿತು. ಅಕ್ಕಪಕ್ಕದವರು ಕೆಲಸಕ್ಕೆ ಹೋಗಿದ್ದಾರಂತೆ, ಮೂರು ಜನ ಕೂರುವ ಸೋಫಾ, ಮೇಡಂ ಒಬ್ಬರೇ, ಕೂದಲೆಲ್ಲ ಬೆಳ್ಳಗಾದ ಹೆಂಗಸು, ಮಗುಚಲು ಆಗುವುದಿಲ್ಲ, ನೆಲಕ್ಕೂ ಸೋಫಾಕ್ಕೂ ನಾಲ್ಕು ಬೆರಳು ಜಾಗ, ಕೈ ತೂರಿಸಿ ಕತ್ತರಿಸಲೂ ಆಗುವುದಿಲ್ಲ. ಕುಳ್ಳ ಕಾಲು ಇರಲಿ, ನೋಡೋಕೆ ಲಕ್ಷಣ ಎಂದು ಹೇಳಿ ಹಾಕಿದವನು ನಾನೇ.

ಬಾಗಿಲು ತಟ್ಟುವ ಮುಂಚೆಯೇ ತೆರೆದರು, ಕಿಟಕಿಯಲ್ಲಿ ಕಾಯುತ್ತಿದ್ದರೇನೋ, ತುಟಿ ಆಡಿತು, ಇವರ ದನಿ ನನಗೆ ಎಂದೂ ಸಿಕ್ಕಿಲ್ಲ, ಜೀವಮಾನವೆಲ್ಲ ಲೈಬ್ರರಿಯಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಮನೆಯಲ್ಲೂ ಅದೇ ದನಿ, ಇವರು ಬಂದು ಮಾತಾಡಿದಾಗಲೆಲ್ಲ ಹೂಂ ಹೂಂ ಎಂದು ಆಮೇಲೆ ಹೆಂಡತಿಯನ್ನು ಕೇಳುವುದು, ಏನಂದ್ರು ಅವರು, ನನ್ನ ಗಮನ ಬೇರೆ ಕಡೆ ಇತ್ತು. ಗೋಡೆ ತುಂಬ ಪುಸ್ತಕ, ನಡುವೆ ನನ್ನ ಸೋಫಾ, ಹಸಿರು ಬಟ್ಟೆ, ಹೊಲಿಗೆ ನೂಲು ಹಿಡಿದ ಹಾಗೆ ನೇರ, ಚೆನ್ನಾಗಿ ಬಂದಿದೆ ಎಂದು ಒಂದು ಕ್ಷಣ ಅನ್ನಿಸಿತು, ಥೂ, ಈ ಹೊತ್ತಿನಲ್ಲೂ ಅನ್ನಿಸಿತು. ಅದರ ಪಕ್ಕದಲ್ಲಿ ನೆಲದ ಮೇಲೆ ಚಾಪೆ, ದಿಂಬು, ಮೇಡಂ ಅಲ್ಲೇ ಕೂತಿದ್ದರು ಅಂತ ಕಾಣುತ್ತದೆ, ಕಿವಿ ಹಚ್ಚಿಕೊಂಡು. ಇಬ್ಬರೂ ಹಿಡಿದು ಮೆಲ್ಲಗೆ ಬೆನ್ನ ಮೇಲೆ ಮಲಗಿಸಿದೆವು, ಬುಟ್ಟಿ ಬಾಗಿಲ ಹತ್ತಿರ ಕುಣಿಯುತ್ತಿತ್ತು, ಉಳಿ ತೆಗೆದೆ, ಒಂದು ಪಿನ್ನು, ಎರಡು, ಎಷ್ಟು ಗಟ್ಟಿ ಹೊಡೆದಿದ್ದೇನೆ, ಮೂರನೆಯ ಪಿನ್ನು ಕೀಳುವಾಗ ಮೇಡಂ ನನ್ನ ಚೀಲದಿಂದ ಕತ್ತರಿ ಕಿತ್ತುಕೊಂಡು ಬಟ್ಟೆಯ ನಡುವಿಗೆ ಚುಚ್ಚಿದರು, ಉದ್ದಕ್ಕೆ ಹರಿದರು, ಆಗ ತಿಳಿಯಿತು, ಬಟ್ಟೆ ಹಾಳಾಗದ ಹಾಗೆ ಬಿಚ್ಚುತ್ತಿದ್ದೆ ನಾನು. ಸೋಫಾದ ಎಡಗೈಯ ಟೊಳ್ಳಿಗೆ ಕೈ ಹಾಕಿದೆ, ಮೊಣಕೈವರೆಗೂ ಹೋಯ್ತು, ಮೆತ್ತಗೆ ಸಿಕ್ಕಿತು, ಹತ್ತಿ, ಇದು ಹತ್ತಿ, ಹತ್ತಿಯ ಪಕ್ಕದಲ್ಲಿ ಮೆತ್ತಗಿನದೇ ಇನ್ನೊಂದು, ತೆಗೆದೆ, ಬೂದಿ ಬಣ್ಣ, ತಣ್ಣಗೆ, ಟವೆಲಿನ ಮೇಲಿಟ್ಟೆ, ಮತ್ತೊಂದು, ಕಪ್ಪು, ಕತ್ತಿನಲ್ಲಿ ಬಿಳಿ ಮಚ್ಚೆ, ಕೈಯಿಂದ ಇಳಿಬಿದ್ದ ಹಾಗೇ ಇತ್ತು, ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು, ಮೂರನೆಯದು ಮೂಲೆಯಲ್ಲಿ, ಹತ್ತಿಯೊಳಗೆ ಹೂತುಕೊಂಡು, ಅದನ್ನೂ ಎತ್ತಿದೆ, ಇದೂ ತಣ್ಣಗೆ, ಪೂರ್ತಿ ಅಲ್ಲವೇನೋ, ಬಾಟಲಿಗೆ ಒತ್ತಿದೆ, ಉಜ್ಜಿದೆ, ಉಸಿರು ಊದಿದೆ, ಬಾಯಿ ತೆರೆಯಿತು.

ತೆರೆಯಿತೋ, ನನ್ನ ಹೆಬ್ಬೆರಳು ಒತ್ತಿದ್ದಕ್ಕೆ ಬಿಚ್ಚಿಕೊಂಡಿತೋ, ಗುಲಾಬಿ ಬಣ್ಣದ ಬಾಯಿ, ಕಾಳಿನಷ್ಟು, ಜೀವವಿದ್ದರೆ ಕೂಗುತ್ತದೆ, ಕೂಗಿದರೆ ನನಗೆ ಕೇಳುವುದಿಲ್ಲ, ಎದೆ ಆಡುತ್ತಿದೆಯೋ ಎಂದು ಹಿಡಿದರೆ ನನ್ನ ಕೈಯೇ ನಡುಗುತ್ತಿದೆ, ಯಾವುದು ಅದರದು, ಯಾವುದು ನನ್ನದು. ಮೇಡಂ, ಇದು ಕೂಗ್ತಿದೆಯಾ. ಅವರು ಬಗ್ಗಿದರು, ತುಟಿ ಆಡಿತು. ಕುತ್ತಿಗೆ ಎಂದಿನ ಹಾಗೆ ಆಡಲು ಹೊರಟಿತು, ಹಿಡಿದು ನಿಲ್ಲಿಸಿದೆ. ನಂಗೆ ಕಿವಿ ಕೇಳಲ್ಲ ಮೇಡಂ, ಎರಡು ವರ್ಷದಿಂದ, ಹೆಂಡತಿಗೂ ಹೇಳಿಲ್ಲ, ಇವು ನಂಗೆ ಕೇಳಿಸ್ಲಿಲ್ಲ, ಅದಕ್ಕೇ ಹೀಗಾಯ್ತು, ದಯವಿಟ್ಟು ಜೋರಾಗಿ ಹೇಳಿ, ಇದು ಕೂಗ್ತಿದೆಯಾ ಇಲ್ವಾ. ಅವರು ನನ್ನನ್ನು ನೋಡಿದರು, ಮಂಡಿಯೂರಿ ಕೂತರು, ನನ್ನ ಕಿವಿಯ ಹತ್ತಿರ ಬಾಯಿ ತಂದು, ಕೂಗಿ ಅಭ್ಯಾಸವಿಲ್ಲದ ಗಂಟಲಿನಿಂದ, ಒಡೆದ ದನಿಯಲ್ಲಿ, ಕೂಗ್ತಿದೆ, ಅಂದರು, ಸಣ್ಣಕ್ಕೆ, ಆದ್ರೆ ಕೂಗ್ತಿದೆ. ಬುಟ್ಟಿ ತೆಗೆದವರು ಅವರೇ, ಬೆಕ್ಕು ಹಾರಿ ಬಂತು, ನನ್ನ ಕೈಯಲ್ಲಿದ್ದದ್ದರ ಹತ್ತಿರ ಬರಲಿಲ್ಲ, ಟವೆಲಿನ ಮೇಲಿದ್ದವುಗಳ ಹತ್ತಿರ ಹೋಯಿತು, ಬೂದುಮರಿಯನ್ನು ನೆಕ್ಕಿತು, ಕಪ್ಪುಮರಿಯನ್ನು ನೆಕ್ಕಿತು, ಹೊಟ್ಟೆಯ ಕಡೆಗೆ ಎಳೆದುಕೊಂಡಿತು, ಕಾದಿತು, ಮತ್ತೆ ನೆಕ್ಕಿತು, ಎಷ್ಟೋ ಹೊತ್ತು, ನಾನು ಮೂರನೆಯದನ್ನು ಮೊಲೆಯ ಹತ್ತಿರ ಇಟ್ಟೆ, ಅದನ್ನೂ ನೆಕ್ಕಿತು, ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿ ಬಾಯಿ ತೆರೆಯಿತು, ಮೇಡಂ ಕಣ್ಣೊರೆಸಿಕೊಂಡು ಮತ್ತೆ ನನ್ನ ಕಿವಿಗೆ ಕೂಗಿ ಹೇಳಿದರು, ಇದೂ ಕೂಗ್ತಿದೆ. ಗೊತ್ತು, ಇದು ನನಗೆ ಗೊತ್ತು ಮೇಡಂ, ನೋಡಿದ್ದೇನೆ, ನಿನ್ನೆ, ಮೂರು ಕಡೆ ಮುಗಿದಿತ್ತು, ಎದುರಿಗೆ ಬಂದು ಕೂತಿತ್ತು, ಮುಖಕ್ಕೆ ಮುಖ ಕೊಟ್ಟು, ಇಷ್ಟೇ ಹತ್ತಿರ, ನಾಲಿಗೆ ಕಾಣುತ್ತಿತ್ತು, ಹಲ್ಲು ಕಾಣುತ್ತಿತ್ತು, ಗಂಟಲೊಳಗಿನ ಕೆಂಪು ಕಾಣುತ್ತಿತ್ತು, ಇರು ಮೂಗಿ, ಇನ್ನೊಂದೇ ಮೂಲೆ ಅಂದೆ, ನಗುತ್ತಾ ಅಂದೆ, ಗನ್ನು ಒತ್ತುತ್ತೇನೆ, ಅದು ಬಾಯಿ ತೆರೆಯುತ್ತದೆ, ಒತ್ತುತ್ತೇನೆ, ತೆರೆಯುತ್ತದೆ, ಕೊನೆಯ ಪಿನ್ನು, ಬಾಯಿ ತೆರೆದೇ ಇದೆ —